ಬಿಳಿ ಪೆಟ್ಟಿಗೆಯ ಐಸು

ಮದ್ದೂರಿನಾಚೆ ಸೋಮನಹಳ್ಳಿಯಲ್ಲಿ ಕಾರ್ಖಾನೆಗಳ ಸಾಲು ಶುರುವಾಗುವ ಕಡೆ ಒಂದು ಹೊಂಗೆ ಮರ. ಅದರ ಕೆಳಗೆ ಸಣ್ಣತಾಯಮ್ಮನ ಅಂಗಡಿ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ತಗಡು, ಎರಡು ಬೆಂಚು, ಅಷ್ಟೇ. ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು, ನಡುವೆ ಹಲ್ಲಿಗೆ ಕೆಲಸ ಬೇಕೆನ್ನುವವರಿಗೆ ಹುರಿದ ಕಡಲೆಕಾಯಿ. ಮಜ್ಜಿಗೆ ಇಡುವ ನೀಲಿ ಪೆಟ್ಟಿಗೆಯನ್ನು ಆ ರಸ್ತೆಯಲ್ಲಿ ಓಡಾಡುವ ಎಲ್ಲರೂ ಬಲ್ಲರು. ಅದರ ಪಕ್ಕದಲ್ಲೇ ಥರ್ಮೊಕೋಲಿನ ಒಂದು ಪುಟ್ಟ ಬಿಳಿ ಪೆಟ್ಟಿಗೆಯೂ ಇರುತ್ತಿತ್ತು. ಅದರ ಮುಚ್ಚಳ ತೆಗೆದು ಅವಳು ಗಿರಾಕಿಗೆ ಏನನ್ನಾದರೂ ಕೊಟ್ಟದ್ದನ್ನು ಮಾತ್ರ ಒಬ್ಬರೂ ಕಂಡಿರಲಿಲ್ಲ.

ದಿನಾ ಬೆಳಿಗ್ಗೆ ಏಳಕ್ಕೆ ಮದ್ದೂರಿನಿಂದ ಐಸಿನ ಗಡ್ಡೆ ಬರುತ್ತಿತ್ತು. ಅವಳು ಅದನ್ನು ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ, ಮುಕ್ಕಾಲು ಪಾಲು ನೀಲಿ ಪೆಟ್ಟಿಗೆಗೆ ಹಾಕಿ, ಉಳಿದದ್ದನ್ನು ಬಿಳಿಯದಕ್ಕೆ ಹಾಕಿ ಮುಚ್ಚುವಳು. ಸಂಜೆ ಮನೆಗೆ ಹೊರಡುವಾಗ ಬಿಳಿ ಪೆಟ್ಟಿಗೆಯಲ್ಲಿ ಕರಗಿದ ನೀರನ್ನು ಹೊಂಗೆಯ ಬುಡಕ್ಕೆ ಸುರಿಯುವಳು. ಮಳೆಗಾಲವಿರಲಿ, ಚಳಿಗಾಲವಿರಲಿ, ಮಜ್ಜಿಗೆಯನ್ನು ಕೇಳುವವರೇ ಇಲ್ಲದ ದಿನವಿರಲಿ, ಇದೊಂದು ತಪ್ಪುತ್ತಿರಲಿಲ್ಲ. ಹೀಗೆ ಹನ್ನೊಂದು ವರ್ಷ ಐಸು ಹಾಕಿದಳು, ಹನ್ನೊಂದು ವರ್ಷ ನೀರು ಚೆಲ್ಲಿದಳು.

ಕಾರ್ಖಾನೆಯವರು ಇಂಥದ್ದನ್ನು ಕಂಡು ಸುಮ್ಮನಿರುವವರೇ? ಎದುರಿನ ಮರದ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಗರಗಸದ ಕೆಲಸ ಮಾಡುವ ಸಿದ್ದರಾಜುವಿಗಂತೂ ಅದನ್ನು ಕೆಣಕದೆ ಮಜ್ಜಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಣ್ಣತಾಯಮ್ಮನ ಹಾಗೆ ಅವನೂ ಹಲಗೂರಿನ ಕಡೆಯವನೇ, ಮೂವತ್ತರ ಆಸುಪಾಸು, ಬಾಯಿ ಸ್ವಲ್ಪ ಜೋರು.

"ಏನಕ್ಕ, ಒಡವೆ ಮಡಗಿದ್ದೀಯಾ ಅದ್ರಲ್ಲಿ? ಬಿಸ್ಲಿಗೆ ಕರಗೋಯ್ತದೆ ಅಂತ ಐಸಾಕಿದ್ದೀಯಾ?"

"ನಿಮ್ಮಪ್ಪನ ಗಂಟದೆ. ಕುಡಿಯೋದ ಕುಡ್ದು ನಡಿಲಾ," ಎನ್ನುವಳು ಸಣ್ಣತಾಯಮ್ಮ.

ಬೆಂಚಿನ ತುದಿಯಲ್ಲಿ ಕೂತ ಅವಳ ಗಂಡ ಮಾದಯ್ಯ ತನ್ನ ಪಾಲಿನದನ್ನು ಸೇರಿಸುವನು. "ಸುತ್ತ ಏಳೂರಲ್ಲಿ ಇಂತ ಒಂಗೆ ಮರ ತೋರ್ಸಿ ನೋಡಾನ. ಐಸು ಕುಡ್ದು ಬೆಳೆದದ್ದು ಕಣ್ಲಾ ಇದು."

ಎಲ್ಲರೂ ನಗುವರು. ಮಾದಯ್ಯನೂ ನಗುವನು. ಆದರೆ ಆ ಪೆಟ್ಟಿಗೆ ಯಾತಕ್ಕೆ ಎಂಬುದು ಅವನಿಗೆ ಗೊತ್ತಿತ್ತು. ಅವನ ಬಲಗೈಗೆ ಹೆಬ್ಬೆರಳಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮಾದಯ್ಯ ಹಲಗೂರಿನಲ್ಲಿ ಮರ ಕೊಯ್ಯುವ ಒಂದು ಮಿಲ್ಲಿಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ದಿಮ್ಮಿ ಜಾರಿ, ತಿರುಗುವ ಗರಗಸಕ್ಕೆ ಕೈ ಹೋಗಿ ಹೆಬ್ಬೆರಳು ಬುಡದಿಂದಲೇ ಬಿತ್ತು. ಸಣ್ಣತಾಯಮ್ಮ ಹಳ್ಳಿಯಿಂದ ಓಡಿ ಬರುವಷ್ಟರಲ್ಲಿ ಕಾಂಪೌಂಡರು ಬಂದು ಕೈಗೆ ಬಟ್ಟೆ ಸುತ್ತುತ್ತಿದ್ದ. ಬೆರಳನ್ನು ಯಾರೋ ಒಂದು ಹಲಗೆಯ ಮೇಲೆ ಎತ್ತಿಟ್ಟಿದ್ದರು. ಅದನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಕಡೆಯ ಜನ ಮನುಷ್ಯನ ಅಂಗವನ್ನು ಎಲ್ಲೆಂದರಲ್ಲಿ ಬಿಸಾಡುವವರಲ್ಲ. ನಾಯಿ ಮೂಸಬಾರದು, ಕಾಗೆ ಕುಕ್ಕಬಾರದು. ಬದುಕಿರುವವನದ್ದೇ ಆದರೂ ಅದು ಮರ್ಯಾದೆಯಿಂದ ಮಣ್ಣು ಸೇರಬೇಕು. ಅವಳು ಸೆರಗಿನ ತುದಿ ಹರಿದು ಬೆರಳನ್ನು ಸುತ್ತಿಕೊಂಡು ತಮ್ಮ ಹೊಲಕ್ಕೆ ಹೋದಳು. ಮಾವನನ್ನು ಹೂಳಿದ್ದ ಗುಡ್ಡೆಯ ಮಗ್ಗುಲಲ್ಲಿ ಗುದ್ದಲಿಯಿಂದ ಮೊಳದಾಳ ತೋಡಿ ಮಣ್ಣು ಮಾಡಿದಳು. ಹಾಲು ಬಿಟ್ಟು ಕೈ ಮುಗಿದಳು. ಮಾಡಬೇಕಾದ್ದನ್ನು ಮಾಡಿದೆ ಎಂಬ ಸಮಾಧಾನದಲ್ಲಿ ಬಂದು, ಗಂಡನನ್ನು ಕರೆದುಕೊಂಡು ಮಂಡ್ಯದ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ ಕೇಳಿದ ಮೊದಲ ಮಾತು, "ಬೆರಳೆಲ್ಲಮ್ಮ?"

"ಮಣ್ಣು ಮಾಡ್ಬುಟ್ಟೆ ಸ್ವಾಮಿ."

ಅವರು ಬೈಯಲಿಲ್ಲ. ಬೈದಿದ್ದರೆ ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮೆಲ್ಲಗೆ ಹೇಳಿದರು: "ಗಾಯ ನೇರವಾಗಿದೆ. ತಂದಿದ್ದರೆ ಬೆಂಗಳೂರಿಗೆ ಕಳಿಸಿ ಜೋಡಿಸಬಹುದಿತ್ತೇನೋ ತಾಯಿ."

ಬಿದ್ದ ಬೆರಳನ್ನು ಮತ್ತೆ ಜೋಡಿಸಬಹುದು ಎಂಬುದು ಅವಳು ಕೇಳರಿಯದ ಮಾತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಆ ದಿನವೆಲ್ಲ ವರಾಂಡದಲ್ಲಿ ತನ್ನ ಎರಡು ಕೈಗಳನ್ನೂ ನೋಡುತ್ತ ಕೂತಳು. ಉಗುರುಗಳ ಸಂದಿಯಲ್ಲಿ ಹೊಲದ ಮಣ್ಣು ಇನ್ನೂ ಇತ್ತು. ಸಂಜೆ ಗೋದಮ್ಮ ಎಂಬ ವಯಸ್ಸಾದ ನರ್ಸು ಹತ್ತಿರ ಬಂದು ಕೂತಾಗ ಅವಳು ಅಳಲಿಲ್ಲ. "ತರಾದಾಗಿದ್ರೆ ಎಂಗೆ ತರ್ಬೇಕಾಗಿತ್ತು?" ಎಂದು ಕೇಳಿದಳು.

ಗೋದಮ್ಮನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ಆದರೂ ಮಗ್ಗಿ ಹೇಳಿಕೊಡುವಂತೆ ಹೇಳಿಕೊಟ್ಟರು. ಬೆರಳನ್ನು ಉಜ್ಜಬಾರದು, ಕಾದಾರಿದ ನೀರಲ್ಲಿ ಮೆಲ್ಲಗೆ ತೊಳೆಯಬೇಕು. ಅರಿಶಿನ ಹಾಕಬಾರದು, ಕಾಫಿಪುಡಿ ಹಾಕಬಾರದು. ಶುದ್ಧವಾದ ಬಟ್ಟೆಯನ್ನು ನೆನೆಸಿ, ಹಿಂಡಿ, ಅದರಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿಯಬೇಕು. ಆ ಕವರನ್ನು ಐಸಿನ ಮೇಲಿಡಬೇಕು. ಬೆರಳಿಗೆ ಐಸು ತಾಕಬಾರದು, ಐಸು ಕರಗಿದ ನೀರೂ ಸೋಕಬಾರದು. ನಾಲ್ಕನೆ ಕ್ಲಾಸು ಓದಿದ್ದ ಸಣ್ಣತಾಯಮ್ಮ ಅಷ್ಟನ್ನೂ ಮೂರು ಸಲ ಒಪ್ಪಿಸಿ, ತಪ್ಪಿಲ್ಲ ಅನ್ನಿಸಿಕೊಂಡು ಎದ್ದಳು.

ಹೆಬ್ಬೆರಳಿಲ್ಲದ ಕೈ ಎಷ್ಟು ಕೈಲಾಗದ್ದು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಕುಡುಗೋಲು ನಿಲ್ಲದು, ಅಂಗಿಯ ಗುಂಡಿ ಕೂಡದು. ಎಲ್ಲಕ್ಕಿಂತ ಹೆಚ್ಚಾಗಿ, ಮುದ್ದೆ ಮುರಿಯಲು ಬಾರದು. ಮುದ್ದೆ ಮುರಿಯುವುದೇ ಹೆಬ್ಬೆರಳು. ಉಳಿದ ನಾಲ್ಕು ಅದಕ್ಕೆ ಆಳುಗಳು. ಅವತ್ತಿನಿಂದ ಸಣ್ಣತಾಯಮ್ಮನೇ ಗಂಡನ ತಟ್ಟೆಯಲ್ಲಿ ಮುದ್ದೆ ಮುರಿದು ತುತ್ತು ಮಾಡಿ ಇಡುವಳು. ಅವನು ಒಂದು ದಿನವೂ "ನೀನು ಹೂಳದಿದ್ದರೆ" ಎನ್ನಲಿಲ್ಲ. ಎಂದಾದರೂ ಅಂದಾನು ಎಂದು ಅವಳು ಕಾಯುತ್ತಲೇ ಇದ್ದಳು. ಮಾರ್ನಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ, ಗಂಡ ಬೇರೆ ಕಡೆ ನೋಡುವ ಹೊತ್ತಿನಲ್ಲಿ, ಮಾವನ ಗುಡ್ಡೆಯ ಮಗ್ಗುಲಿಗೂ ಒಂದು ಲೋಟ ಹಾಲು ಬಿಟ್ಟು ಬರುವಳು.

ಒಂದು ವರ್ಷ ಕಳೆದು ಅವರು ಸೋಮನಹಳ್ಳಿಗೆ ಬಂದು ಅಂಗಡಿ ಇಟ್ಟರು. ಸುತ್ತಲೂ ಯಂತ್ರಗಳು. ಮರ ಕೊಯ್ಯುವುದು, ಕಬ್ಬಿಣ ಕತ್ತರಿಸುವುದು, ಕೊರೆಯುವುದು, ಉಜ್ಜುವುದು. ಮಜ್ಜಿಗೆ ಲೋಟ ಹಿಡಿಯುವ ಕೈಗಳನ್ನು ಅವಳು ನೋಡಿದಳು. ಒಬ್ಬನಿಗೆ ಕಿರುಬೆರಳಿಲ್ಲ, ಇನ್ನೊಬ್ಬನಿಗೆ ಎರಡು ಬೆರಳ ತುದಿಗಳಿಲ್ಲ. ಮಾರನೆ ದಿನವೇ ಬಿಳಿ ಪೆಟ್ಟಿಗೆ ತಂದಳು. ಒಳಗೆ ಐಸಿನ ಜೊತೆ ಒಂದು ಡಬ್ಬಿ. ಅದರಲ್ಲಿ ಕುದಿಸಿ ಒಣಗಿಸಿದ ಬಿಳಿ ಪಂಚೆಯ ತುಂಡು, ಕಾದಾರಿದ ನೀರಿನ ಬಾಟಲಿ, ಹೊಸ ಕವರುಗಳು, ರಬ್ಬರ್ ಬ್ಯಾಂಡು. ವಾರಕ್ಕೊಮ್ಮೆ ಬಟ್ಟೆಯನ್ನು ಮತ್ತೆ ಕುದಿಸುವಳು. ಯಾರಿಗೂ ಹೇಳಲಿಲ್ಲ. ನಿಮ್ಮ ಬೆರಳು ಬಿದ್ದರೆ ಇರಲಿ ಎಂದು ಪೆಟ್ಟಿಗೆ ಇಟ್ಟಿದ್ದೇನೆ ಎಂದರೆ ಯಾರು ತಾನೇ ಮಜ್ಜಿಗೆ ಕುಡಿದಾರು?

ಶಿವರಾತ್ರಿ ಕಳೆದ ಮರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎದುರು ಕಾರ್ಖಾನೆಯ ಗರಗಸದ ಸದ್ದು ನಿಂತಿತು. ದಿನವೆಲ್ಲ ಕೇಳುವ ಸದ್ದು ಕಿವಿಗೆ ಬೀಳುವುದು ಅದು ನಿಂತಾಗಲೇ. ಸಣ್ಣತಾಯಮ್ಮ ಕಡಲೆಕಾಯಿ ಕೇರುತ್ತಿದ್ದ ಮೊರವನ್ನು ಹಿಡಿದುಕೊಂಡೇ ಎದ್ದು ನಿಂತಳು.

ಸಿದ್ದರಾಜುವಿನ ಬಲಗೈಗೆ ಟವೆಲ್ಲು ಸುತ್ತಿ ಇಬ್ಬರು ಹೊರಗೆ ತಂದರು. ಆಗಿದ್ದು ಇಷ್ಟು: ಗರಗಸದ ಚಕ್ರದ ಮೇಲೆ ಕೈ ತಾಗದಂತೆ ಒಂದು ಕಾಪು ಇರುತ್ತದೆ. ಅದಿದ್ದರೆ ಕೊಯ್ಯುವ ಗೆರೆ ಕಾಣುವುದಿಲ್ಲವೆಂದು ಅದನ್ನು ಮೇಲಕ್ಕೆತ್ತಿ ತಂತಿಯಲ್ಲಿ ಕಟ್ಟಿದ್ದರು. ಸಣ್ಣ ತುಂಡನ್ನು ಕೋಲಿನಲ್ಲಿ ತಳ್ಳಬೇಕು. ಇವನು ಕೈಯಲ್ಲೇ ತಳ್ಳಿದ, ಬೆರಳು ಹಾರಿಹೋಯಿತು. ತಲೆ ಗಟ್ಟಿಯಿದೆ ಎಂದು ಬಂಡೆಗೆ ಹಾಯಬಾರದು ಎನ್ನುತ್ತಾರೆ. ಆದರೆ ದಿನಾ ಹಾಯ್ದು ದಿನಾ ಬಚಾವಾದವನಿಗೆ ಬಂಡೆ ಬಂಡೆಯಾಗಿ ಕಾಣುವುದಿಲ್ಲ.

ಮ್ಯಾನೇಜರು ರಘುನಂದನ್ ಕಾರು ತಂದು ನಿಲ್ಲಿಸಿದ. ಎಳೆ ವಯಸ್ಸಿನವನು, ಮುಖ ಬಿಳಿಚಿಕೊಂಡಿತ್ತು.

"ಬೆಳ್ಳೆಲ್ಲಿ?" ಎಂದಳು ಸಣ್ಣತಾಯಮ್ಮ.

"ಸಿಗ್ತಿಲ್ಲಮ್ಮ. ಧೂಳೆಳೆಯೋ ಪೈಪಿಗೆ ಹೋಗಿಬಿಟ್ಟಿದೆ. ಮೊದಲು ಇವನನ್ನ ಕರ್ಕೊಂಡು ಹೋಗ್ತೀನಿ."

ಗರಗಸದ ಕೆಳಗೊಂದು ದಪ್ಪ ಪೈಪು. ಅದು ಮರದ ಹೊಟ್ಟನ್ನು ಎಳೆದು ಹಿಂದಿನ ಶೆಡ್ಡಿನ ಚೀಲಗಳಿಗೆ ತುಂಬುತ್ತದೆ. ಅಂದರೆ ಬೆರಳು ಆಳೆತ್ತರದ ಹೊಟ್ಟಿನ ಚೀಲದೊಳಗೆಲ್ಲೋ ಇತ್ತು.

ಅವಳು ಸಿದ್ದರಾಜುವಿನ ಟವೆಲ್ಲು ನೋಡಿದಳು. ರಕ್ತ ಹರಿಯುವುದು ನಿಂತಿತ್ತು. "ಕೈ ಎತ್ತಿಡ್ಕೊಂಡು ಒತ್ಕಂಡಿರು ಮಗ," ಎಂದು ಅವನಿಗೆ ಹೇಳಿ, ರಘುನಂದನ್ ಕಡೆ ತಿರುಗಿದಳು. "ಸಾರ್, ಕಾಲು ಗಂಟೆ ನಿಲ್ಸಿ. ಬೆಳ್ಳಿಲ್ದೆ ಓದ್ರೆ ಅಲ್ಲಿ ಓಲಿಯೋಕೆ ಏನಿದ್ದದು?"

ಹಾಗೆ ಹೇಳಿ ಮೊರ ಹಿಡಿದು ಶೆಡ್ಡಿನ ಕಡೆ ಓಡಿದಳು. ಕಾಲು ಗಂಟೆಯಲ್ಲಿ ಸಿಗದಿದ್ದರೆ? ತಡಮಾಡಿಸಿದ ಪಾಪವೂ ತನ್ನ ತಲೆಗೇ.

ಶೆಡ್ಡಿನಲ್ಲಿ ಐದಾರು ಜನ ಚೀಲ ಸುರಿದು ಹೊಟ್ಟಿನಲ್ಲಿ ಕೈಯಾಡಿಸುತ್ತಿದ್ದರು. ಒಬ್ಬ ಮೊಣಕಾಲವರೆಗೆ ಅದರೊಳಗೇ ನಿಂತಿದ್ದ. "ತುಳೀಬ್ಯಾಡಿ, ಆಚೆ ಬನ್ರಪ್ಪ," ಎಂದು ಅವಳು ಎಲ್ಲರನ್ನೂ ಸರಿಸಿ, ನೆಲದ ಮೇಲೆ ಕೂತು, ಮೊರದ ತುಂಬ ಹೊಟ್ಟು ಮೊಗೆದು ಕೇರತೊಡಗಿದಳು.

ಅಲ್ಲಿದ್ದ ಗಂಡಸರಿಗೆ ಮೊದಲು ಅದು ಹುಚ್ಚಾಟವಾಗಿ ಕಂಡಿತು. ಆಮೇಲೆ ಚೀಲಗಳನ್ನು ಅವಳ ಹತ್ತಿರಕ್ಕೆ ಎಳೆದು ಕೊಡತೊಡಗಿದರು. ಮಣಿಕಟ್ಟಿನ ಒಂದು ಎತ್ತು, ಒಂದು ಕುಲುಕು. ಹಗುರವಾದದ್ದು ಮುಂದಕ್ಕೆ ಹಾರುತ್ತಿತ್ತು, ತೂಕವಾದದ್ದು ಹಿಂದಕ್ಕೆ ಸರಿಯುತ್ತಿತ್ತು. ಹೊಟ್ಟು ಮೋಡವಾಗಿ ಎದ್ದು ಅವಳ ತಲೆಯ ಮೇಲೆ, ರೆಪ್ಪೆಯ ಮೇಲೆ ಕೂತಿತು. ಒಂದು ಮೊರ, ಇನ್ನೊಂದು ಮೊರ. ಮರದ ಚೂರುಗಳು ಉಳಿದವು, ಒಂದು ಮೊಳೆ ಸಿಕ್ಕಿತು. ರಾಗಿಯಲ್ಲಿ ಕಲ್ಲು ಹುಡುಕಿದ ಕೈ ಅದು. ಅವಳ ತಾಯಿಯ ಕೈ, ತಾಯಿಯ ತಾಯಿಯ ಕೈ. ಎರಡನೆ ಚೀಲದ ಅರ್ಧಕ್ಕೆ ಬಂದಾಗ ಮೊರದ ಹಿಂಭಾಗದಲ್ಲಿ ಏನೋ ಮೆತ್ತಗೆ ಉರುಳಿ ನಿಂತಿತು.

ಅವಳ ಕೈ ಅಲ್ಲೇ ನಿಂತಿತು. ಮೈತುಂಬ ಹೊಟ್ಟು ಮೆತ್ತಿಕೊಂಡ, ಉಗುರಿರುವ ಒಂದು ಹೆಬ್ಬೆರಳು. ಅಂಥದ್ದೊಂದನ್ನು ಅವಳು ಮೊದಲೇ ಒಮ್ಮೆ ಕಂಡಿದ್ದಳು.

ಲೋಡಿಂಗಿನವರ ಮೇಸ್ತ್ರಿ ಕೆಂಪಸಿದ್ದಯ್ಯ ಮುಂದೆ ಬಂದ. ಸಿದ್ದರಾಜುವಿನ ಊರಿನವನೇ, ದೊಡ್ಡಪ್ಪನಾಗಬೇಕು. ಅವನ ಕೈಯಲ್ಲಿ ಆಗಲೇ ಗುದ್ದಲಿ ಇತ್ತು. "ಕೊಡವ್ವ ಇತ್ತಗೆ. ಬೇಲಿ ಮಗ್ಗುಲಲ್ಲಿ ಮಣ್ಣು ಮಾಡಾನ. ಬದುಕಿರೋನ ಅಂಗ, ನಾಯಿ ಪಾಲಾಗ್ಬಾರ್ದು."

ಅವನ ಮಾತಿನಲ್ಲಿ ತಪ್ಪೇನಿತ್ತು? ಹನ್ನೆರಡು ವರ್ಷದ ಹಿಂದೆ ಅವಳೂ ಅದನ್ನೇ ಅಂದುಕೊಂಡಿದ್ದಳು. ಅವಳು ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

"ಮಣ್ಣಿಗೇನು ಅವಸ್ರ ಕೆಂಪಸಿದ್ದಣ್ಣ? ಅದು ಎಲ್ಗೂ ಓಗಕಿಲ್ಲ, ಇಲ್ಲೇ ಇರ್ತದೆ. ನಾನೂ ಇಂಗೇ ಮಣ್ಣು ಮಾಡ್ದೋಳೆಯ. ನೋಡಲ್ಲಿ."

ಮಾದಯ್ಯ ಶೆಡ್ಡಿನ ಬಾಗಿಲಲ್ಲಿ ಬಿಳಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ. ಪೆಟ್ಟಿಗೆಯ ಮೇಲೆ ನಾಲ್ಕೇ ಬೆರಳು ಕಾಣುತ್ತಿದ್ದವು. ಕೆಂಪಸಿದ್ದಯ್ಯ ಗುದ್ದಲಿಯನ್ನು ಗೋಡೆಗೆ ಒರಗಿಸಿದ.

ಕಾದಾರಿದ ನೀರು, ಬಿಳಿ ಬಟ್ಟೆ, ಕವರು, ರಬ್ಬರ್ ಬ್ಯಾಂಡು, ಅದರ ಕೆಳಗೆ ಬೆಳಿಗ್ಗೆ ಹಾಕಿದ್ದ ಐಸು. ಗೋದಮ್ಮ ಹೇಳಿಕೊಟ್ಟ ಮಗ್ಗಿಯನ್ನು ಬಾಯೊಳಗೇ ಹೇಳುತ್ತ ಅವಳು ಒಂದೊಂದನ್ನೂ ಮಾಡಿದಳು. ಕಾರಿನಲ್ಲಿ ಸಿದ್ದರಾಜುವಿನ ಪಕ್ಕ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಂಗಳೂರು ಮುಟ್ಟುವವರೆಗೂ ಅದರ ಮುಚ್ಚಳದಿಂದ ಕೈ ತೆಗೆಯಲಿಲ್ಲ.

ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಪ್ರಿಯಂವದಾ ಎಂಬ ಡಾಕ್ಟರಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರು. ಕವರನ್ನು ಎತ್ತಿ ಬೆಳಕಿಗೆ ಹಿಡಿದರು.

"ಯಾರು ಕಟ್ಟಿದ್ದು ಇದನ್ನ?"

ಸಣ್ಣತಾಯಮ್ಮ ಎದ್ದು ನಿಂತಳು. ಮತ್ತೆ ತಪ್ಪು ಮಾಡಿದೆನೇ? "ನಾನೇ ಕಣಮ್ಮ."

"ಹೀಗೇ ತರಬೇಕು. ಹೀಗೆ ತರೋರು ಕಡಿಮೆ," ಎಂದು ಡಾಕ್ಟರಮ್ಮ ಪೆಟ್ಟಿಗೆಯೊಂದಿಗೆ ಒಳಗೆ ಹೋದರು.

ಏಳು ಗಂಟೆ ಹಿಡಿಯಿತು. ತಲೆಗೂದಲಿಗಿಂತ ಸಣ್ಣ ದಾರ, ಅದಕ್ಕೊಂದು ಸೂಜಿ, ಕಣ್ಣಿಗೆ ದುರ್ಬೀನು. ರಕ್ತನಾಳ, ನರ, ಮೂಳೆ ಎಲ್ಲವನ್ನೂ ಒಂದೊಂದಾಗಿ ಕೂಡಿಸುತ್ತಾರಂತೆ. ಮನುಷ್ಯನ ಮೈಯೊಳಗೆ ಅಷ್ಟು ಸಣ್ಣ ದಾರಿಗಳಿವೆ ಎಂಬುದೇ ಅವಳಿಗೆ ನಂಬಲು ಕಷ್ಟವಾಯಿತು. ಅವನ್ನು ಹುಡುಕಿ ಹೊಲಿಯುವ ಕೈಗಳೂ ಇವೆ ಎಂಬುದಂತೂ ದೇವರ ಮಾತು ಕೇಳಿದಂತಾಯಿತು.

ಮಾರನೆ ಬೆಳಿಗ್ಗೆ ಡಾಕ್ಟರಮ್ಮನೇ ಅವಳನ್ನು ಒಳಗೆ ಕರೆದರು. ಸಿದ್ದರಾಜು ನಿದ್ದೆಯಲ್ಲಿದ್ದ. ಕಟ್ಟಿನಿಂದ ಹೆಬ್ಬೆರಳ ತುದಿಯಷ್ಟೇ ಇಣುಕುತ್ತಿತ್ತು. ಡಾಕ್ಟರಮ್ಮ ಅದನ್ನು ಮೆತ್ತಗೆ ಒತ್ತಿದರು, ಬೆಳ್ಳಗಾಯಿತು. ಬಿಟ್ಟರು. ಎಲ್ಲಿಂದಲೋ ಕೆಂಪು ಓಡಿ ಬಂದು ತುಂಬಿಕೊಂಡಿತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಬಂತು. ಹೊಟ್ಟಿನ ರಾಶಿಯಿಂದ ತಾನು ಹೆಕ್ಕಿದ ತಣ್ಣನೆಯ ತುಂಡು ಇದೇನಾ? ಸಣ್ಣತಾಯಮ್ಮ ಎರಡು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ಸೆರಗೆಳೆದುಕೊಂಡು, ಗುಡಿಯಲ್ಲಿ ನಿಂತವಳಂತೆ ಆ ಬೆರಳಿಗೇ ಕೈ ಮುಗಿದಳು.

ಆ ಮೇಲೆ ಕಾರ್ಖಾನೆಯಲ್ಲಿ ಗರಗಸದ ಕಾಪಿನ ತಂತಿ ಬಿಚ್ಚಿದರು. ತುಂಡು ತಳ್ಳುವ ಕೋಲಿಗೆ ಕೆಂಪು ಬಣ್ಣ ಹೊಡೆದರು. ಬಿಳಿ ಪೆಟ್ಟಿಗೆಯ ಬಗ್ಗೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಕೆಲವರು ಅದರ ಮುಂದೆ ಚಪ್ಪಲಿ ಬಿಡತೊಡಗಿದಾಗ ಅವಳೇ ಗದರಿಸಿ ಆ ರೂಢಿ ತಪ್ಪಿಸಿದಳು.

ಮಾರ್ನಮಿ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಸಿದ್ದರಾಜು ಬಂದ. ಏಳು ತಿಂಗಳಾಗಿತ್ತು. ಬೆರಳು ಸ್ವಲ್ಪ ಸೊಟ್ಟ, ಬುಡದಲ್ಲಿ ಸುತ್ತಲೂ ಹೊಲಿಗೆಯ ಗೆರೆ. ಅವನು ಬಾಯಿಗಿಂತ ಮುಂಚೆ ಕೈ ಚಾಚಿದ. ಮಾದಯ್ಯ ಅದನ್ನು ತನ್ನ ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಉಗ್ರು ಬೆಳ್ದದಲ್ಲೋ," ಎಂದ ಮೆಲ್ಲಗೆ. "ಅಮ್ಮೀ, ಬಾ ಇಲ್ಲಿ. ಉಗ್ರು ಬೆಳ್ದದೆ."

ಊಟದ ಹೊತ್ತು. ಅವಳು ಇಬ್ಬರಿಗೂ ತಟ್ಟೆ ಇಟ್ಟು, ಆಗತಾನೆ ತೊಳಸಿ ಕಟ್ಟಿದ ಬಿಸಿ ಮುದ್ದೆ ಹಾಕಿದಳು. ರೂಢಿಯಂತೆ ಗಂಡನ ಮುದ್ದೆ ಮುರಿಯಲು ಕೂತಳು. ಸಿದ್ದರಾಜು ತನ್ನ ಮುದ್ದೆಗೆ ಹೆಬ್ಬೆರಳನ್ನು ಊರಿದ. ಊರಿದವನು ಹಾಗೇ ಕೂತುಬಿಟ್ಟ.

"ಏನ್ಲಾ, ನೋಯ್ತದಾ?"

"ಇಲ್ಲ ಕಣಕ್ಕ." ಅವನು ಬೆರಳನ್ನು ಇನ್ನಷ್ಟು ಊರಿದ. "ಬಿಸಿ ಗೊತ್ತಾಯ್ತಾದೆ. ಇಷ್ಟ್ ದಿನ ಏನೂ ಗೊತ್ತಾಯ್ತಿರ್ನಿಲ್ಲ. ಈಗ ಬಿಸಿ ಗೊತ್ತಾಯ್ತಾದೆ."

ಅವನು ಬೆರಳೆತ್ತಿದ. ಮುದ್ದೆಯ ಮೇಲೆ ಒಂದು ಗುಳಿ ಬಿದ್ದಿತ್ತು, ಹೆಬ್ಬೆರಳಿನದೇ ಗುಳಿ. ಮೂವರೂ ಅದನ್ನೇ ನೋಡಿದರು. ಸಾರು ಆರುತ್ತಿತ್ತು.

ಮಾದಯ್ಯ ತನ್ನ ತಟ್ಟೆಯ ತುತ್ತೊಂದನ್ನು ಎತ್ತಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: "ಅಮ್ಮೀ, ನಮ್ಮಪ್ಪನ ಗುಡ್ಡೆ ಮಗ್ಗುಲಲ್ಲಿ ವರ್ಸವರ್ಸ ಕದ್ದು ಆಲು ಬುಡ್ತೀಯಲ್ಲ, ಈ ವರ್ಸ ಬುಡ್ಬ್ಯಾಡ."

ಅವಳ ಕೈ ಅವನ ಮುದ್ದೆಯಲ್ಲೇ ನಿಂತಿತು. "ನಿಂಗೆಂಗೆ ಗೊತ್ತು?"

"ನನ್ನ ಬೆಳ್ಳು. ನಂಗೊತ್ತಾಗ್ದೆ ಇನ್ಯಾರ್ಗೆ ಗೊತ್ತಾದದು?" ಎಂದ ಮಾದಯ್ಯ. "ಅದು ಈಗ ಸುಮ್ಕೆ ಮನೀಕೊಂಡದೆ, ಬುಟ್ಬುಡು. ಆ ಆಲ್ಗೆ ಎಪ್ಪಾಕು. ಈ ನನ್ಮಗ ಮಜ್ಜಿಗೆ ಕುಡ್ದು ಏಳ್ ತಿಂಗ್ಳಾಯ್ತು."

ಹನ್ನೆರಡು ವರ್ಷ ಕಾಯುತ್ತಿದ್ದ ಮಾತು ಬಂದೇ ಬಿಟ್ಟಿತ್ತು, ಅವಳು ಹೆದರಿದ್ದ ಮಾತಾಗಿ ಅಲ್ಲ. ಸಣ್ಣತಾಯಮ್ಮ ಮುದ್ದೆ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು, ಅಂದು ವರಾಂಡದಲ್ಲಿ ಅಳದೆ ಉಳಿಸಿದ್ದನ್ನೆಲ್ಲ ಅತ್ತಳು. ಇಬ್ಬರು ಗಂಡಸರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಅಮಾವಾಸ್ಯೆಯ ದಿನ ಅವಳು ಮಾವನ ಗುಡ್ಡೆಗೆ ಎಡೆ ಇಟ್ಟು ಬಂದಳು, ಮಗ್ಗುಲಿಗೆ ಹಾಲು ಬಿಡಲಿಲ್ಲ. ಮನೆಗೆ ಬಂದು ಆ ಲೋಟದ ಹಾಲಿಗೆ ಹೆಪ್ಪು ಹಾಕಿದಳು. ಮಾರನೆ ಬೆಳಿಗ್ಗೆ ಏಳಕ್ಕೆ ಐಸು ಬಂತು. ಕುಟ್ಟಿ, ನೀಲಿ ಪೆಟ್ಟಿಗೆಗೆ ಹಾಕಿ, ಬಿಳಿಯದಕ್ಕೂ ಹಾಕಿ ಮುಚ್ಚಿದಳು.